ಡ್ರೋನ್ ವಿಡಿಯೊದಲ್ಲಿ ಜೆಲ್ಲೊ ಅಲೆ: ಮೆತ್ತನೆಯ ಡ್ಯಾಂಪರ್ ಹಾಕಿದರೂ ಹೋಗುತ್ತಿಲ್ಲ, ಎಲ್ಲಿಂದ ಹಿಡಿಯಬೇಕು?

ಹಾರುಗಣ್ಣು

ನಾಲ್ಕು ಮೋಟಾರಿನ ಡ್ರೋನ್. 13 ಇಂಚಿನ, ಎರಡು ಬ್ಲೇಡಿನ ಕಾರ್ಬನ್ ಪ್ರಾಪ್‌ಗಳು (ಪ್ರೊಪೆಲ್ಲರ್). ಹಾರುವಾಗಿನ ಒಟ್ಟು ತೂಕ 3.7 ಕಿಲೊ. ನಿಂತಲ್ಲೇ ಹಾರುವಾಗ ಮೋಟಾರ್‌ಗಳು ನಿಮಿಷಕ್ಕೆ ಸುಮಾರು 5400 ಸುತ್ತು ತಿರುಗುತ್ತವೆ ಎಂದು ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಕ) ಲಾಗ್ ತೋರಿಸುತ್ತಿದೆ. ಕ್ಯಾಮೆರಾವನ್ನು ಮೋಟಾರ್‌ಗಳಿಂದ ಸ್ಥಿರವಾಗಿ ಹಿಡಿಯುವ ಗಿಂಬಲ್, ಕ್ಯಾಮೆರಾ ಎರಡೂ ಸೇರಿ 600 ಗ್ರಾಂ. ಡ್ರೋನಿನ ಫ್ರೇಮಿನ ಕೆಳಗೆ ನಾಲ್ಕು ರಬ್ಬರ್ ಬಾಲ್‌ಗಳಿಂದ ನೇತಾಡುತ್ತದೆ, ಕಂಪನ ತಡೆಯುವ ಡ್ಯಾಂಪರ್ ಅವೇ.

ನಿಂತಲ್ಲೇ ಹಾರುವಾಗ ವಿಡಿಯೊದಲ್ಲಿ ಅಡ್ಡ ಅಲೆಗಳು (ಜೆಲ್ಲೊ) ಬರುತ್ತವೆ, ಚಿತ್ರದ ಎತ್ತರದಲ್ಲಿ ಎರಡಕ್ಕೆ ಸ್ವಲ್ಪ ಕಡಿಮೆ. ಮುಂದಕ್ಕೆ ವೇಗವಾಗಿ ಹೋದರೆ ಅಲೆಯ ಜೊತೆಗೆ ಇಡೀ ಚಿತ್ರವೇ ನಿಧಾನವಾಗಿ ಓಲಾಡುತ್ತದೆ. ಸಿಗುವುದರಲ್ಲೇ ಅತಿ ಮೆತ್ತನೆಯ ಬಾಲ್ ಹಾಕಿದ ಮೇಲೆ ಅಲೆ ತುಸು ತಗ್ಗಿತು, ಓಲಾಟ ಹೆಚ್ಚಾಯಿತು. ಈಗ ಕ್ಯಾಮೆರಾದ ಭಾರಕ್ಕೆ ಬಾಲ್‌ಗಳು 3 ಮಿ.ಮೀ. ಜಗ್ಗಿವೆ. ಕ್ಯಾಮೆರಾದ ರೀಡ್‌ಔಟ್ ಸಮಯ (ಸೆನ್ಸರ್ ಒಂದು ಚಿತ್ರ ಓದಿ ಮುಗಿಸುವ ಸಮಯ) ಸುಮಾರು 20 ಮಿಲಿಸೆಕೆಂಡ್. ಫ್ಲೈಟ್ ಕಂಟ್ರೋಲರ್‌ನಲ್ಲಿ ಅರ್ಡುಪೈಲಟ್ ತಂತ್ರಾಂಶ ಇದೆ. ಮುಂದೇನು ಮಾಡಬೇಕು?

ತಿರುಗುರೆಕ್ಕೆ

ನೀವು ಕೊಟ್ಟ ಅಂಕಿಗಳಲ್ಲೇ ಉತ್ತರದ ಅರ್ಧ ಇದೆ. ನಿಮ್ಮಲ್ಲಿರೋದು ಎರಡು ಬೇರೆ ಬೇರೆ ತೊಂದರೆ, ಒಂದೇ ಮದ್ದಿಗೆ ಎರಡೂ ಬಗ್ಗಲ್ಲ.

ಮೊದಲು ಅಲೆ. ರೋಲಿಂಗ್ ಶಟರ್ ಸೆನ್ಸರ್ ಚಿತ್ರವನ್ನು ಮೇಲಿನ ಸಾಲಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತೆ. ಓದಿ ಮುಗಿಯೋದರೊಳಗೆ ಕ್ಯಾಮೆರಾ ಎಷ್ಟು ಸಲ ಅಲ್ಲಾಡಿತೋ ಅಷ್ಟು ಅಲೆ ಕಾಣುತ್ತೆ. ಹಾಗಾಗಿ ಅಲೆಗಳ ಸಂಖ್ಯೆಯನ್ನು ರೀಡ್‌ಔಟ್ ಸಮಯದಿಂದ ಭಾಗಿಸಿದರೆ ಕಂಪನದ ಆವೃತ್ತಿ ಸಿಗುತ್ತೆ. 1.8 ಅಲೆ, 0.020 ಸೆಕೆಂಡ್, ಅಂದರೆ 90 ಹರ್ಟ್ಜ್. ಈಗ 5400 ಸುತ್ತನ್ನು 60ರಿಂದ ಭಾಗಿಸಿ, ಅದೂ 90. ಸುತ್ತಿಗೊಂದು ಸಲ ಬರೋ ಕಂಪನ ಅಂದರೆ ಅಸಮತೋಲನ: ಪ್ರಾಪ್, ಮೋಟಾರ್ ಬೆಲ್ (ತಿರುಗೋ ಹೊರಚಿಪ್ಪು) ಅಥವಾ ಬಾಗಿದ ಶಾಫ್ಟ್. ಬ್ಲೇಡುಗಳು ಗಾಳಿಯನ್ನು ತೋಳಿನ ಮೇಲೆ ಬಡಿಯೋದರಿಂದ ಬಂದಿದ್ದರೆ ಎರಡು ಬ್ಲೇಡಿಗೆ 180 ಹರ್ಟ್ಜ್ ಇರ್ತಿತ್ತು, ಚಿತ್ರದಲ್ಲಿ ಮೂರೂವರೆ ಅಲೆ ಕಾಣ್ತಿತ್ತು.

ಎರಡನೆಯದು ಆ ಓಲಾಟ. ಅದನ್ನು ನಿಮ್ಮ ಮೆತ್ತನೆಯ ಬಾಲ್‌ಗಳೇ ಹುಟ್ಟಿಸಿವೆ. ಅದರ ಲೆಕ್ಕ ಮೂರನೇಅಕ್ಷ ಅವರು ಚೆನ್ನಾಗಿ ಹೇಳ್ತಾರೆ. ಅಸಮತೋಲನದ ಬಲ ಎಷ್ಟಿರುತ್ತೆ ಅನ್ನೋದನ್ನು ಮಾತ್ರ ನಾನು ಬರೀತೀನಿ. ಪ್ರಾಪ್‌ನ ಒಂದು ಬ್ಲೇಡಲ್ಲಿ, ನಡುವಿನಿಂದ 150 ಮಿ.ಮೀ. ದೂರದಲ್ಲಿ ಬರೀ 0.1 ಗ್ರಾಂ ಹೆಚ್ಚಿದ್ದರೆ 5400 ಸುತ್ತಿನಲ್ಲಿ ಅದು ಸುಮಾರು 4.8 ನ್ಯೂಟನ್ ಬಲದಿಂದ ಮೋಟಾರನ್ನು ಸುತ್ತಲೂ ಎಳೆಯುತ್ತೆ. ಹತ್ತಿರ ಹತ್ತಿರ ಅರ್ಧ ಕಿಲೊ ತೂಕದಷ್ಟು, ಸೆಕೆಂಡಿಗೆ 90 ಸಲ, ಅದೂ ನಾಲ್ಕು ಮೋಟಾರಿಂದ. ವೇಗ ದುಪ್ಪಟ್ಟಾದರೆ ಬಲ ನಾಲ್ಕು ಪಟ್ಟು. ಇದನ್ನು ಮೂಲದಲ್ಲೇ ತಗ್ಗಿಸದೆ ಡ್ಯಾಂಪರ್ ಮೇಲೆ ಹೊರೆ ಹಾಕೋದು ತಪ್ಪು ಕ್ರಮ.

ಮೂರನೇಅಕ್ಷ

ಡ್ಯಾಂಪರ್ ಮೆತ್ತಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಎಲ್ಲ ಕಡೆ ಇದೆ. ಅದು ಅರ್ಧ ಮಾತ್ರ ನಿಜ.

ಬಾಲ್‌ಗಳಿಂದ ನೇತಾಡುವ ಕ್ಯಾಮೆರಾಕ್ಕೆ ತನ್ನದೇ ಒಂದು ಸಹಜ ಆವೃತ್ತಿ ಇರುತ್ತದೆ, ಅಂದರೆ ತಟ್ಟಿ ಬಿಟ್ಟರೆ ಅದು ತಾನಾಗಿ ಸೆಕೆಂಡಿಗೆ ಎಷ್ಟು ಸಲ ಓಲಾಡುತ್ತದೋ ಅಷ್ಟು. ಕಂಪನದ ಆವೃತ್ತಿ ಇದರ 1.4 ಪಟ್ಟು ದಾಟಿದ ಮೇಲಷ್ಟೇ ಡ್ಯಾಂಪರ್ ಕೆಲಸ ಶುರುಮಾಡುತ್ತದೆ. ಅದಕ್ಕಿಂತ ಕೆಳಗೆ ಕಂಪನ ಹಾಗೇ ದಾಟಿಹೋಗುತ್ತದೆ. ಸಹಜ ಆವೃತ್ತಿಯ ಹತ್ತಿರ ಬಂದರೆ ಅನುರಣನದಿಂದ ಇನ್ನೂ ದೊಡ್ಡದಾಗುತ್ತದೆ. 3 ಪಟ್ಟಿನಲ್ಲಿ ಸುಮಾರು ಎಂಟರಲ್ಲಿ ಒಂದು ಭಾಗ, 4 ಪಟ್ಟಿನಲ್ಲಿ ಹದಿನೈದರಲ್ಲಿ ಒಂದು ಭಾಗ ಕ್ಯಾಮೆರಾಕ್ಕೆ ದಾಟುತ್ತದೆ.

ಅಂದಾಜಿಗೆ ಸುಲಭದ ಸೂತ್ರ: ಭಾರಕ್ಕೆ ಡ್ಯಾಂಪರ್ ಎಷ್ಟು ಮಿ.ಮೀ. ಜಗ್ಗಿತು ನೋಡಿ, ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸಿ. ಬರುವುದು ಹರ್ಟ್ಜ್. ನಿಮ್ಮ 3 ಮಿ.ಮೀ.ಗೆ 9 ಹರ್ಟ್ಜ್. ಅಲುಗಾಟದಲ್ಲಿ ರಬ್ಬರ್ ನಿಂತ ಭಾರಕ್ಕಿಂತ ಬಿಗಿಯಾಗಿ ವರ್ತಿಸುವುದರಿಂದ ನಿಜವಾದದ್ದು 10 ಅಥವಾ 11 ಇದ್ದೀತು. 90 ಹರ್ಟ್ಜ್ ತಡೆಯುವುದಕ್ಕೆ ಇದು ಧಾರಾಳ. ಆದರೆ ಗಿಂಬಲ್ ಮೋಟಾರ್‌ಗಳು ಅಲುಗಾಟವನ್ನು ತಿದ್ದುವ ವ್ಯಾಪ್ತಿಯೂ ಹೆಚ್ಚುಕಡಿಮೆ ಇಲ್ಲಿಗೇ ಮುಗಿಯುತ್ತದೆ. ಗಿಂಬಲ್ ತಿದ್ದಲು ತಳ್ಳಿದರೆ ಬಾಲ್ ಬಾಗುತ್ತದೆ, ಬಾಲ್ ಮರಳಿ ಬರುವಾಗ ಗಿಂಬಲ್ ಇನ್ನೊಂದು ಕಡೆ ತಳ್ಳುತ್ತದೆ. ಎರಡೂ ಒಂದನ್ನೊಂದು ಕೆಣಕುತ್ತಾ ಹೋಗುತ್ತವೆ. ಅದರ ಮೇಲೆ, ಮುಂದಕ್ಕೆ ಹಾರುವಾಗ ಗಾಳಿ ಕ್ಯಾಮೆರಾವನ್ನು ಹಿಂದಕ್ಕೆ ನೂಕುತ್ತದೆ. ಮೊದಲೇ 3 ಮಿ.ಮೀ. ಜಗ್ಗಿದ ಬಾಲ್‌ಗೆ ಉಳಿದಿರುವ ಜಾಗವೂ ತೀರಿ ಒಂದು ಪಕ್ಕ ಪೂರ್ತಿ ಎಳೆದುಕೊಂಡರೆ, ಆ ಪಕ್ಕದಲ್ಲಿ ಡ್ಯಾಂಪರ್ ಇಲ್ಲದಂತೆಯೇ.

ನಿಮಗೆ ಬೇಕಾದದ್ದು 25 ಹರ್ಟ್ಜ್ ಸುತ್ತಮುತ್ತ. 600 ಗ್ರಾಂಗೆ ಒಟ್ಟು ಬಿಗಿತ ಮಿ.ಮೀ.ಗೆ ಸುಮಾರು 14.8 ನ್ಯೂಟನ್, ಅಂದರೆ ನಾಲ್ಕು ಬಾಲ್‌ಗಳಲ್ಲಿ ಒಂದೊಂದಕ್ಕೆ 3.7. ಒಂದು ಬಾಲನ್ನು ನೇತುಹಾಕಿ 375 ಗ್ರಾಂ ತೂಗಿಬಿಟ್ಟರೆ ಅದು 1 ಮಿ.ಮೀ. ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಜಗ್ಗಬೇಕು. ಪ್ಯಾಕೆಟ್ ಮೇಲೆ ಬರೆದಿರುವ ಗ್ರಾಂ ಲೆಕ್ಕವನ್ನು ನಂಬಬೇಡಿ, ಒಂದೇ ಬಣ್ಣದ ಬಾಲ್‌ಗಳಲ್ಲೂ ಗಡಸುತನ ಬೇರೆ ಇರುತ್ತದೆ. ನಾಲ್ಕನ್ನೂ ತೂಗಿ ನೋಡಿ ಸಮನಾದವನ್ನು ಆರಿಸಿ.

ಹಾಕಿದ ಮೇಲೆ ಪರೀಕ್ಷೆ: ಫ್ರೇಮನ್ನು ಗಟ್ಟಿಯಾಗಿ ಹಿಡಿಸಿ, ಗಿಂಬಲ್ ಪವರ್ ತೆಗೆದು, ಕ್ಯಾಮೆರಾ ತಟ್ಟೆಯನ್ನು ಬೆರಳಿಂದ ತಟ್ಟಿ. ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮ್‌ನ ವಿಡಿಯೊ ತೆಗೆದು ಒಂದು ಓಲಾಟಕ್ಕೆ ಎಷ್ಟು ಫ್ರೇಮ್ ಹಿಡಿಯಿತು ಎಣಿಸಿ. 10 ಫ್ರೇಮ್‌ಗೆ ಒಂದು ಓಲಾಟವಾದರೆ 24 ಹರ್ಟ್ಜ್, ಸರಿ. 22 ಫ್ರೇಮ್ ಬಂದರೆ ಇನ್ನೂ 11 ಹರ್ಟ್ಜ್‌ನಲ್ಲೇ ಇದ್ದೀರಿ.

ಹಾರುಗಣ್ಣು

ತುಂಬ ಉಪಕಾರ. ಎರಡು ಪ್ರಶ್ನೆ. ಪ್ರಾಪ್ ಬ್ಯಾಲೆನ್ಸ್ ಮಾಡುವ ಸರಿಯಾದ ಕ್ರಮ ಯಾವುದು? ಲಾಗ್‌ನಲ್ಲಿ ವೈಬ್ (ಕಂಪನ) ಅಂಕಿಗಳು ಎಕ್ಸ್ 12, ವೈ 14, ಝೆಡ್ 22, ಕ್ಲಿಪಿಂಗ್ (ಸೆನ್ಸರಿನ ಮಿತಿ ಮೀರಿದ ಸಲ) ಸೊನ್ನೆ. 30ರ ಒಳಗಿದ್ದರೆ ಸಾಕು ಅನ್ನುತ್ತಾರಲ್ಲ, ಹಾಗಿದ್ದರೂ ಅಲೆ ಯಾಕೆ?

ತಿರುಗುರೆಕ್ಕೆ

ಆ 30ರ ಮಿತಿ ಫ್ಲೈಟ್ ಕಂಟ್ರೋಲರ್‌ಗೆ ಸಂಬಂಧಪಟ್ಟಿದ್ದು. 30ರೊಳಗೆ ಇದ್ದರೆ ಡ್ರೋನ್ ತನ್ನ ಎತ್ತರ, ಸ್ಥಾನದ ಲೆಕ್ಕ ತಪ್ಪಲ್ಲ, 60 ದಾಟಿದರೆ ಹೆಚ್ಚಾಗಿ ತಪ್ಪುತ್ತೆ, ಅಷ್ಟೇ. ಕ್ಯಾಮೆರಾಕ್ಕೆ ಅದಕ್ಕಿಂತ ಎಷ್ಟೋ ಕಡಿಮೆ ಬೇಕು. ಹಾಗೇನೇ ಕಂಟ್ರೋಲರ್‌ನಲ್ಲಿ ಹಾರ್ಮೋನಿಕ್ ನಾಚ್ ಫಿಲ್ಟರ್ (ಆಯ್ದ ಆವೃತ್ತಿಯನ್ನು ಸಂಕೇತದಿಂದ ಕತ್ತರಿಸೋ ಸೆಟ್ಟಿಂಗ್) ಹಾಕಿದರೆ ಜೈರೋ ಸಂಕೇತದಿಂದ 90 ಹರ್ಟ್ಜ್ ತೆಗೆದುಹೋಗುತ್ತೆ, ಮೋಟಾರ್ ತಣ್ಣಗಿರುತ್ತೆ, ಫ್ರೇಮಿನ ಕಂಪನ ಮಾತ್ರ ಅಲ್ಲೇ ಇರುತ್ತೆ. ಲಾಗ್ ಚೆನ್ನಾಗಾಯ್ತು ಅಂತ ಚಿತ್ರ ಚೆನ್ನಾಗಾಗಲ್ಲ.

ಬ್ಯಾಲೆನ್ಸ್ ಕ್ರಮ ಹೀಗೆ. ಬ್ಯಾಟರಿ ತೆಗೆದಿಡಿ. ಪ್ರಾಪ್ ಒರೆಸಿ, ಅಂಟಿದ ಹುಳು, ದೂಳು ಹೋಗಲಿ. ಅಂಚು ಸೀಳಿದ್ದರೆ ಆ ಪ್ರಾಪ್ ಬಿಟ್ಟುಬಿಡಿ. ಅಯಸ್ಕಾಂತದ ಬ್ಯಾಲೆನ್ಸರ್ ಮೇಲೆ ಅಡ್ಡಲಾಗಿ ನಿಲ್ಲಿಸಿದಾಗ ಕೆಳಗಿಳಿಯೋದು ಭಾರದ ಬ್ಲೇಡ್. ಹಗುರ ಬ್ಲೇಡಿನ ಹಿಂಬದಿಗೆ ತೆಳು ಟೇಪ್ ಅಂಟಿಸಿ ಸರಿಮಾಡಬಹುದು, ಆದರೆ ಬಿಸಿಲಿಗೆ ಅಂಟು ಬಿಡುತ್ತೆ. ಭಾರದ ಬ್ಲೇಡಿನ ಹಿಂಬದಿಯನ್ನು ತುದಿಯ ಹತ್ತಿರ 400 ನಂಬರಿನ ಉಪ್ಪುಕಾಗದದಿಂದ ತೇಯೋದು ಹೆಚ್ಚು ಬಾಳಿಕೆ. ಕಾರ್ಬನ್ ಆದ್ದರಿಂದ ನೀರು ಹಚ್ಚಿಯೇ ತೇಯಿರಿ, ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮುಂಭಾಗದ ಅಂಚು ಮುಟ್ಟಬೇಡಿ.

ಇಲ್ಲಿಗೇ ನಿಲ್ಲಿಸೋರು ಬಹಳ. ಇನ್ನು ಪ್ರಾಪ್‌ನ ನಡುಭಾಗ, ಹಬ್ ಇದೆ. ಪ್ರಾಪನ್ನು ನೆಟ್ಟಗೆ, ಒಂದು ಬ್ಲೇಡ್ ಮೇಲೆ ಒಂದು ಕೆಳಗೆ ಇರೋ ಹಾಗೆ ನಿಲ್ಲಿಸಿ. ಯಾವಾಗಲೂ ಒಂದೇ ಪಕ್ಕಕ್ಕೆ ಬಿದ್ದರೆ ಹಬ್ ಆ ಪಕ್ಕ ಭಾರ. ಎದುರು ಪಕ್ಕಕ್ಕೆ ಒಂದು ಹನಿ ಸೂಪರ್ ಗ್ಲೂ ಹಾಕಿ ಒಣಗಲು ಬಿಡಿ. ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಂತರೆ ಮುಗೀತು.

ಆಮೇಲೆ ಬ್ಲೇಡಿನ ಓಟ. ತುದಿಯ ಪಕ್ಕ ಒಂದು ಕಡ್ಡಿ ನಿಲ್ಲಿಸಿ ಪ್ರಾಪನ್ನು ಕೈಯಿಂದ ತಿರುಗಿಸಿ. ಎರಡು ತುದಿಗಳ ಎತ್ತರದಲ್ಲಿ 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಹಬ್ ಕೂತಿರೋದು ಓರೆ, ಇಲ್ಲಾ ಶಾಫ್ಟ್ ಬಾಗಿದೆ. ಮಡಚುವ ಪ್ರಾಪ್ ಆಗಿದ್ದರೆ ಕೀಲಿನ ಸ್ಕ್ರೂ ಅತಿ ಬಿಗಿ ಇರಬಾರದು. ತಿರುಗುವಾಗ ಬ್ಲೇಡ್ ತಾನಾಗಿ ನೇರಕ್ಕೆ ಬರದಿದ್ದರೆ ಬ್ಯಾಲೆನ್ಸ್ ಮಾಡಿದ್ದೆಲ್ಲ ವ್ಯರ್ಥ.

ಕೊನೆಗೆ ಮೋಟಾರ್. ಪ್ರಾಪ್ ತೆಗೆದು ಬೆಲ್ ಅನ್ನು ಮೇಲೆ ಕೆಳಗೆ, ಪಕ್ಕಕ್ಕೆ ಅಲ್ಲಾಡಿಸಿ. ಪಕ್ಕದಾಟ ಇದ್ದರೆ ಬೇರಿಂಗ್ ಬದಲಿಸಿ, ಸವೆದ ಬೇರಿಂಗಿಗೆ ಬ್ಯಾಲೆನ್ಸ್ ಮದ್ದಲ್ಲ. ಆಟ ಇಲ್ಲ ಅಂದರೆ ಬೆಲ್ ಸುತ್ತ ನಾಲ್ಕು ಗುರುತು ಹಾಕಿ, ಒಂದೇ ತುಂಡು ಟೇಪನ್ನು ಒಂದೊಂದು ಗುರುತಲ್ಲಿ ಅಂಟಿಸಿ, ಅದೇ ವೇಗದಲ್ಲಿ ಓಡಿಸಿ ಕಂಪನ ಅಳೆಯಿರಿ. ಎಲ್ಲಿ ಕನಿಷ್ಠವೋ ಅಲ್ಲಿ ಉಳಿಸಿ.

ನಕ್ಷೆಗಾರ

ಅಳೆಯುವ ಬಗ್ಗೆ ಒಂದು ಎಚ್ಚರಿಕೆ. ಸೆಕೆಂಡಿಗೆ 100 ಸಲ ಮಾತ್ರ ಓದುವ ಸೆನ್ಸರ್‌ನಲ್ಲಿ 90 ಹರ್ಟ್ಜ್ ಕಂಪನ 10 ಹರ್ಟ್ಜ್ ಆಗಿ ಕಾಣುತ್ತದೆ. ಅದನ್ನು ನೋಡಿ ಗಿಂಬಲ್ ಟ್ಯೂನಿಂಗ್ ಸರಿಯಿಲ್ಲ ಎಂದುಕೊಂಡು ವಾರಗಟ್ಟಲೆ ಹುಡುಕಬಹುದು. ಸೆಕೆಂಡಿಗೆ ಕನಿಷ್ಠ 1000 ಸಲ ಓದುವ ಸೆನ್ಸರ್ ಬಳಸಿ. ಅರ್ಡುಪೈಲಟ್‌ನಲ್ಲಿ ಐಎನ್‌ಎಸ್ ಬ್ಯಾಚ್ ಲಾಗಿಂಗ್ (ಸೆನ್ಸರ್ ಓದಿದ್ದನ್ನು ವೇಗವಾಗಿ ದಾಖಲಿಸುವ ಸೆಟ್ಟಿಂಗ್) ಚಾಲೂ ಮಾಡಿದರೆ ಯಾವ ಆವೃತ್ತಿಯಲ್ಲಿ ಎಷ್ಟು ಕಂಪನ ಎಂದು ತೋರಿಸುವ ಎಫ್‌ಎಫ್‌ಟಿ ಗ್ರಾಫ್ ಬರುತ್ತದೆ, ಆದರೆ ಅದು ಕಂಟ್ರೋಲರ್ ಇರುವ ಜಾಗದ ಕಂಪನ. ಕಂಪನ ಅಳೆಯುವ ಪುಟ್ಟ ಆಕ್ಸೆಲರೋಮೀಟರ್ ಒಂದನ್ನು ಡ್ಯಾಂಪರ್‌ನ ಫ್ರೇಮ್ ಬದಿಗೆ, ಆಮೇಲೆ ಕ್ಯಾಮೆರಾ ಬದಿಗೆ ಗಟ್ಟಿ ಅಂಟಿನಿಂದ ಹಚ್ಚಿ ಎರಡೂ ಕಡೆ ಅಳೆಯಿರಿ. ಫೋಮ್ ಟೇಪಿನಲ್ಲಿ ಅಂಟಿಸಿದರೆ ಟೇಪಿನದೇ ಕಂಪನ ಸೇರಿಕೊಳ್ಳುತ್ತದೆ.

ಇಲ್ಲಿಯವರೆಗೆ ಯಾರೂ ಎತ್ತದ ವಿಷಯವೊಂದಿದೆ, ನನ್ನ ಮಟ್ಟಿಗೆ ಅದೇ ಮುಖ್ಯ. ಚಿತ್ರ ಕೆಡಿಸುವುದು ಕ್ಯಾಮೆರಾ ಮೇಲೆ, ಕೆಳಗೆ, ಪಕ್ಕಕ್ಕೆ ಸರಿಯುವುದಕ್ಕಿಂತ ಅದರ ತಿರುಗುವಿಕೆ. 50 ಮಿ.ಮೀ. ಲೆನ್ಸ್, 4 ಮೈಕ್ರಾನ್ ಪಿಕ್ಸೆಲ್, ನೆಲ 100 ಮೀಟರ್ ಕೆಳಗೆ ಎಂದಿಟ್ಟುಕೊಳ್ಳಿ. ಒಂದು ಪಿಕ್ಸೆಲ್ ನೆಲದ ಮೇಲೆ 8 ಮಿ.ಮೀ. ಇಡೀ ಕ್ಯಾಮೆರಾ ಪಕ್ಕಕ್ಕೆ 0.1 ಮಿ.ಮೀ. ಸರಿದರೆ ಪಿಕ್ಸೆಲ್‌ನ ಎಂಬತ್ತನೇ ಒಂದು ಭಾಗ, ಗೊತ್ತೇ ಆಗುವುದಿಲ್ಲ. ಅದೇ 100 ಮಿ.ಮೀ. ಅಂತರದಲ್ಲಿರುವ ಎರಡು ಡ್ಯಾಂಪರ್‌ಗಳಲ್ಲಿ ಒಂದು ಇನ್ನೊಂದಕ್ಕಿಂತ 0.1 ಮಿ.ಮೀ. ಹೆಚ್ಚು ಬಾಗಿ ಕ್ಯಾಮೆರಾ ಅಷ್ಟು ವಾಲಿದರೆ ಚಿತ್ರ 12 ಪಿಕ್ಸೆಲ್‌ಗೂ ಹೆಚ್ಚು ಸರಿಯುತ್ತದೆ.

ಗಿಂಬಲ್ ಇದ್ದರೆ ಈ ವಾಲುವಿಕೆಯ ಬಹುಪಾಲನ್ನು ಅದು ತಡೆಯುತ್ತದೆ ನಿಜ. ಆದರೆ ಕ್ಯಾಮೆರಾದ ಗುರುತ್ವ ಕೇಂದ್ರ ಗಿಂಬಲ್ ಅಕ್ಷದಿಂದ ಎರಡು ಮಿ.ಮೀ. ಆಚೀಚೆ ಇದ್ದರೂ ನೇರ ಕಂಪನ ಅಲ್ಲಿ ತಿರುಗುವಿಕೆಯಾಗಿ ಬದಲಾಗುತ್ತದೆ. ಪವರ್ ತೆಗೆದು ಕ್ಯಾಮೆರಾವನ್ನು ಯಾವ ಕೋನಕ್ಕೆ ತಿರುಗಿಸಿ ಬಿಟ್ಟರೂ ಅಲ್ಲೇ ನಿಲ್ಲಬೇಕು. ಮೊದಲು ಟಿಲ್ಟ್, ಆಮೇಲೆ ರೋಲ್, ಕೊನೆಗೆ ಪ್ಯಾನ್. ಫಿಲ್ಟರ್, ಲೆನ್ಸ್ ಹುಡ್, ಮೆಮೊರಿ ಕಾರ್ಡ್ ಎಲ್ಲ ಹಾಕಿದ ಮೇಲೆಯೇ ಮಾಡಿ. ಜೂಮ್ ಲೆನ್ಸ್ ಆದರೆ ಬಳಸುವ ಫೋಕಲ್ ಲೆಂಗ್ತ್‌ಗೆ ಇಟ್ಟು ಮಾಡಿ.

ಡ್ಯಾಂಪರ್ ತಟ್ಟೆಗೂ ಇದೇ ನಿಯಮ. ತೂಗುವ ಒಟ್ಟು ಭಾರದ ಗುರುತ್ವ ಕೇಂದ್ರ ಡ್ಯಾಂಪರ್‌ಗಳ ಮಟ್ಟಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು. ನೇತಾಡುವ ಗಿಂಬಲ್‌ನಲ್ಲಿ ಅದು ಬಹಳ ಕೆಳಗಿರುತ್ತದೆ, ಅದಕ್ಕೇ ಪಕ್ಕದ ಅಲುಗಾಟವೆಲ್ಲ ತೂಗಾಟವಾಗುವುದು. ಗಿಂಬಲ್ ಬ್ಯಾಟರಿಯನ್ನು ಡ್ಯಾಂಪರ್‌ನ ಕ್ಯಾಮೆರಾ ಬದಿಯ ತಟ್ಟೆಯಲ್ಲಿ, ಎತ್ತರದಲ್ಲಿ ಕೂರಿಸಿದರೆ ಎರಡು ಲಾಭ: ಗುರುತ್ವ ಕೇಂದ್ರ ಮೇಲೇರುತ್ತದೆ, ತೂಗುವ ಭಾರವೂ ಹೆಚ್ಚುತ್ತದೆ. 600 ಗ್ರಾಂ 750 ಆದರೆ 25 ಹರ್ಟ್ಜ್ 22ಕ್ಕೆ ಇಳಿಯುತ್ತದೆ. ಡ್ಯಾಂಪರ್‌ಗಳ ನಡುವಿನ ಅಂತರವನ್ನು ಫ್ರೇಮ್ ಬಿಟ್ಟಷ್ಟು ಅಗಲ ಮಾಡಿ. ಅಂತರ ಎರಡು ಪಟ್ಟಾದರೆ ವಾಲುವುದಕ್ಕೆ ತಡೆ ನಾಲ್ಕು ಪಟ್ಟು.

ಬಾಗಿಲಂಚು

ಬಾಲ್ ಬದಲು ಸಾರ್ಬೊಥೇನ್ ಎಂಬ ರಬ್ಬರಿನಂಥ ಮೆತ್ತನೆಯ ವಸ್ತು ಹಾಕಿದರೆ ಇಷ್ಟೆಲ್ಲ ಲೆಕ್ಕ ಬೇಕಾಗುತ್ತದೆಯೇ? ಅದು ಶಕ್ತಿಯನ್ನೇ ಹೀರುತ್ತದಲ್ಲ. ಜೊತೆಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಶಟರ್ ನಿಧಾನ ಮಾಡಿದರೆ ಜೆಲ್ಲೊ ಕಾಣುವುದೇ ಇಲ್ಲ.

ಮೂರನೇಅಕ್ಷ

ಬಾಗಿಲಂಚು ಅವರೇ, ಲೆಕ್ಕ ಆಗಲೂ ಬೇಕು. ಹೀರುವ ಗುಣ ಹೆಚ್ಚಿದ್ದರೆ ಅನುರಣನದ ಹೊತ್ತಿನಲ್ಲಿ ಓಲಾಟ ತಗ್ಗುತ್ತದೆ. ಅದರ ಬೆಲೆಯನ್ನು ಮೇಲಿನ ಆವೃತ್ತಿಯಲ್ಲಿ ತೆರಬೇಕು. ಸಹಜ ಆವೃತ್ತಿ 25 ಇರುವಾಗ ಹೀರುವಿಕೆ ಇಲ್ಲವೆಂದರೆ 90 ಹರ್ಟ್ಜ್‌ನಲ್ಲಿ 8% ದಾಟುತ್ತದೆ. ಹೀರುವಿಕೆಯ ಅನುಪಾತ (ಡ್ಯಾಂಪಿಂಗ್ ರೇಶಿಯೊ) 0.15 ಇದ್ದರೆ 12% ದಾಟುತ್ತದೆ, ಆದರೆ ಅನುರಣನದಲ್ಲಿ ಕಂಪನ ಮೂರೂವರೆ ಪಟ್ಟು ಮೀರದೆ ನಿಲ್ಲುತ್ತದೆ. ಈ ಹದ ನನಗೆ ಒಪ್ಪಿಗೆ. ಅದಕ್ಕಿಂತ ಹೆಚ್ಚು ಹೀರುವಿಕೆ ಈ ಕೆಲಸಕ್ಕೆ ಬೇಡ.

ಸಾರ್ಬೊಥೇನ್ ಒಳ್ಳೆಯ ವಸ್ತು, ಆದರೆ ಅದು ಕೆಲಸ ಮಾಡಬೇಕಾದರೆ ಭಾರಕ್ಕೆ 10ರಿಂದ 20 ಪ್ರತಿಶತ ಕುಗ್ಗಬೇಕು. 600 ಗ್ರಾಂ ಕ್ಯಾಮೆರಾದ ಕೆಳಗೆ ಅಗಲವಾದ ಹಾಳೆ ಹಾಸಿದರೆ ಅದು ಕುಗ್ಗುವುದೇ ಇಲ್ಲ, ಮರದ ತುಂಡಿನಂತೆ ಕೂತಿರುತ್ತದೆ. ನಾಲ್ಕು ಸಣ್ಣ ತುಂಡು ಮಾಡಿ, ಮೆತ್ತನೆಯ ದರ್ಜೆ ಆರಿಸಬೇಕು. ಚಳಿಯಲ್ಲಿ ಅದು ಬಿಗಿಯಾಗುತ್ತದೆ. ತಂಪು ಹವೆಯಲ್ಲಿ, ಎತ್ತರದಲ್ಲಿ ಹಾರಿಸುವುದಾದರೆ ಸಿಲಿಕೋನ್ ಬಾಲ್ ನಂಬಬಹುದು. ವೈರ್ ರೋಪ್ ಐಸೊಲೇಟರ್ (ತಂತಿ ಹಗ್ಗದ ಸುರುಳಿಯ ಡ್ಯಾಂಪರ್) ದೊಡ್ಡ ಕ್ಯಾಮೆರಾಗಳಿಗೆ ಚೆನ್ನ, ಇಷ್ಟು ಹಗುರದ್ದಕ್ಕೆ ಅದರ ಎಳೆಗಳ ಘರ್ಷಣೆಯೇ ಬಿಗಿಯಾಗಿ ಹಿಡಿದುಬಿಡುತ್ತದೆ.

ಎನ್‌ಡಿ ಫಿಲ್ಟರ್ ಮಾತು: ಸೆಕೆಂಡಿನ 1/1000 ಶಟರ್‌ನಲ್ಲಿ ಅಲೆ ಸ್ಪಷ್ಟ ಕಾಣುತ್ತದೆ. 1/50ರಲ್ಲಿ 90 ಹರ್ಟ್ಜ್ ಕಂಪನ ಒಂದೊಂದು ಸಾಲಿನಲ್ಲೂ ಹತ್ತಿರ ಹತ್ತಿರ ಎರಡು ಸಲ ಓಲಾಡಿ ಮಸುಕಾಗಿ ಕೂತಿರುತ್ತದೆ. ಅಲೆ ಹೋಯಿತು, ಅದರ ಜೊತೆ ಚುರುಕೂ ಹೋಯಿತು. ಬಿರುಬಿಸಿಲಿನಲ್ಲಿ ಐಎಸ್‌ಒ 100, ಎಫ್4, 1/50 ಬೇಕಾದರೆ ಎನ್‌ಡಿ32 ಬೇಕು, ಚಲನೆ ಸಹಜವಾಗಿ ಕಾಣಲು ಅದನ್ನು ಖಂಡಿತ ಹಾಕಿ. ಆದರೆ ಕಂಪನ ಪತ್ತೆಮಾಡುವ ಹಾರಾಟಗಳಲ್ಲಿ ಫಿಲ್ಟರ್ ತೆಗೆದು ವೇಗದ ಶಟರ್‌ನಲ್ಲೇ ತೆಗೆಯಿರಿ, ಆಗಲೇ ಅಲೆ ಎಣಿಸಲು ಬರುವುದು.

ತಿರುಗುರೆಕ್ಕೆ

ಕೇಬಲ್ ಮರೀಬೇಡಿ. ಡ್ಯಾಂಪರ್ ಎಷ್ಟೇ ಹದವಾಗಿದ್ದರೂ ಗಟ್ಟಿ ಎಚ್‌ಡಿಎಂಐ ಕೇಬಲ್ ಒಂದು ಫ್ರೇಮಿಂದ ಕ್ಯಾಮೆರಾಕ್ಕೆ ಬಿಗಿಯಾಗಿ ಹೋದರೆ ಕಂಪನಕ್ಕೆ ಅದೇ ಸೇತುವೆ. ಪವರ್‌ಗೆ ಸಿಲಿಕೋನ್ ಹೊದಿಕೆಯ ತೆಳು ತಂತಿ, ವಿಡಿಯೊಗೆ ಪಟ್ಟಿ ಕೇಬಲ್ ಅಥವಾ ಸಣ್ಣ ಕೋಆಕ್ಸ್. ಡ್ಯಾಂಪರ್‌ನ ಎರಡೂ ಬದಿ ಟೈ ಹಾಕಿ, ನಡುವೆ ಸಡಿಲ ಕುಣಿಕೆ ಬಿಡಿ. ಬೆರಳಲ್ಲಿ ಕ್ಯಾಮೆರಾ ತಟ್ಟೆ ಒತ್ತಿದಾಗ ಕೇಬಲ್ ಎಳೆಯೋದು ಕೈಗೆ ತಿಳಿಯಬಾರದು.

ಇನ್ನೊಂದು: ನೆಲದ ಮೇಲೆ, ಪ್ರಾಪ್ ಇಲ್ಲದೆ, ಗಿಂಬಲ್ ಮಾತ್ರ ಚಾಲೂ ಮಾಡಿದಾಗಲೂ ಚಿತ್ರ ನಡುಗಿದರೆ ಅದು ಗಿಂಬಲ್ ಟ್ಯೂನಿಂಗ್. ಗುಂಯ್ ಅನ್ನೋ ಸದ್ದು ನಿಲ್ಲೋವರೆಗೆ ಗಿಂಬಲ್ ಎಷ್ಟು ಜೋರಾಗಿ ತಿದ್ದಬೇಕು ಅನ್ನೋ ಪಿ ಮತ್ತು ಡಿ ಅಂಕಿಗಳನ್ನು ಇಳಿಸಿ, ಆಮೇಲೆ ಇನ್ನೂ 15 ಪ್ರತಿಶತ ಇಳಿಸಿ. ಬಾಲ್ ಬದಲಿಸಿದ ಮೇಲೆ ಇದನ್ನು ಮತ್ತೆ ಮಾಡಲೇಬೇಕು, ಹಳೆಯ ಅಂಕಿಗಳು ಹೊಂದಲ್ಲ.

ಹಾರುಗಣ್ಣು

ಪ್ರಾಪ್, ಹಬ್ ಬ್ಯಾಲೆನ್ಸ್ ಆಯಿತು. ಒಂದು ಮೋಟಾರಿನ ಬೇರಿಂಗ್ ಸವೆದಿತ್ತು, ಬದಲಾಯಿಸಲಾಗಿದೆ. ಬಾಲ್‌ಗಳನ್ನು ತೂಗಿ ಆರಿಸಿ ಹಾಕಿದ ಮೇಲೆ 240 ಫ್ರೇಮ್ ವಿಡಿಯೊದಲ್ಲಿ ಒಂದು ಓಲಾಟಕ್ಕೆ 9 ಫ್ರೇಮ್, ಅಂದರೆ ಸುಮಾರು 27 ಹರ್ಟ್ಜ್. ಫಿಲ್ಟರ್ ಇಲ್ಲದೆ 1/1000ರಲ್ಲೂ ನಿಂತ ಹಾರಾಟದಲ್ಲಿ ಅಲೆ ಕಾಣುತ್ತಿಲ್ಲ, ಮುಂದಕ್ಕೆ ಹೋಗುವಾಗಿನ ಓಲಾಟವೂ ಇಲ್ಲ. ನೇರ ಕೆಳಗಿಳಿಯುವಾಗ ಮಾತ್ರ ಚಿತ್ರ ಕುಲುಕುತ್ತದೆ.

ತಿರುಗುರೆಕ್ಕೆ

ಅದಕ್ಕೆ ಡ್ಯಾಂಪರ್ ಕಾರಣ ಅಲ್ಲ. ನೇರ ಇಳಿಯುವಾಗ ಪ್ರಾಪ್‌ಗಳು ತಾವೇ ಕೆಳಗೆ ತಳ್ಳಿದ ಕದಡಿದ ಗಾಳಿಯೊಳಕ್ಕೆ ಹೋಗುತ್ತವೆ. ಎತ್ತುವ ಬಲ ಕ್ಷಣಕ್ಕೊಂದು ಥರ, ಕಂಟ್ರೋಲರ್ ಮೋಟಾರ್ ವೇಗವನ್ನು ಏರಿಸಿ ಇಳಿಸಿ ತಿದ್ದುತ್ತಾ ಇರುತ್ತೆ, ಫ್ರೇಮ್ ಕುಲುಕುತ್ತೆ. ಇಳಿಯೋ ವೇಗ ಸೆಕೆಂಡಿಗೆ 1.5 ಮೀಟರ್ ಒಳಗೆ ಇಟ್ಟು, ಮುಂದಕ್ಕೆ ಚಲಿಸುತ್ತಾ ಓರೆಯಾಗಿ ಇಳಿಸಿ. ಶಾಟ್ ಬೇಕಾದರೆ ಮೇಲೇರುತ್ತಾ ತೆಗೆದು ಎಡಿಟಿಂಗ್‌ನಲ್ಲಿ ಹಿಂದುಮುಂದು ಮಾಡಬಹುದು.

ಬಾಗಿಲಂಚು

ಹೆಲಿಕಾಪ್ಟರ್ ಬಾಗಿಲಿಗೆ ಕ್ಯಾಮೆರಾ ಕಟ್ಟುವಾಗಲೂ ಇದೇ ರಬ್ಬರ್ ಲೆಕ್ಕ ನಡೆಯುತ್ತದೆಯೇ? ರಾಬಿನ್ಸನ್ ಆರ್44.

ಮೂರನೇಅಕ್ಷ

ಸೂತ್ರ ಅದೇ, ಫಲಿತಾಂಶ ಬೇರೆ. ಆರ್44ರ ಮುಖ್ಯ ರೋಟರ್ ನಿಮಿಷಕ್ಕೆ ಸುಮಾರು 400 ಸುತ್ತು, ಎರಡು ಬ್ಲೇಡ್. ಕಂಪನ 6.7 ಹರ್ಟ್ಜ್ ಮತ್ತು 13.3 ಹರ್ಟ್ಜ್‌ನಲ್ಲಿ. 6.7ನ್ನು ತಡೆಯಲು ಸಹಜ ಆವೃತ್ತಿ 2.2 ಹರ್ಟ್ಜ್‌ಗೆ ಇಳಿಯಬೇಕು, ಅಂದರೆ ಭಾರಕ್ಕೆ ಸುಮಾರು 5 ಸೆಂ.ಮೀ. ಜಗ್ಗಬೇಕು. ರಬ್ಬರ್ ಬಾಲ್‌ನಿಂದ ಆಗುವ ಕೆಲಸವಲ್ಲ. ಅದಕ್ಕೇ ಅಲ್ಲಿ ಸ್ಪ್ರಿಂಗ್ ತೋಳು, ಭಾರ ಸರಿದೂಗಿಸಿದ ಮೌಂಟ್, ಜೈರೋ ಗಿಂಬಲ್ ಬಳಸುವುದು. ಕೈಯಲ್ಲೇ ಹಿಡಿದು ತೆಗೆಯುವುದಾದರೆ ಮೊಣಕೈ, ಲೆನ್ಸ್ ಯಾವುದನ್ನೂ ಬಾಗಿಲ ಚೌಕಟ್ಟಿಗೆ ತಾಗಿಸಬೇಡಿ, ಬೆನ್ನನ್ನು ಸೀಟಿಗೆ ಒರಗಿಸಬೇಡಿ, ಲೆನ್ಸ್‌ನ ತುದಿಯನ್ನು ಬಾಗಿಲಿಂದಾಚೆ ಗಾಳಿಗೆ ಚಾಚಬೇಡಿ. ನಿಮ್ಮ ದೇಹಕ್ಕಿಂತ ಮೆತ್ತನೆಯ ಡ್ಯಾಂಪರ್ ಅಲ್ಲಿ ಇಲ್ಲ.

ನಕ್ಷೆಗಾರ

ಹಾರುಗಣ್ಣು ಅವರೇ, ಇದೇ ಡ್ರೋನಿನಲ್ಲಿ ಸರ್ವೆ ಚಿತ್ರ ತೆಗೆಯುವ ಯೋಚನೆ ಇದ್ದರೆ ಎರಡು ಮಾತು. ಕ್ಯಾಮೆರಾ ಬಾಡಿಯೊಳಗಿನ ಸ್ಟೆಬಿಲೈಸೇಶನ್ ಆಫ್ ಮಾಡಿ. ಸೆನ್ಸರ್ ಚಿತ್ರದಿಂದ ಚಿತ್ರಕ್ಕೆ ಜಾಗ ಬದಲಿಸಿದರೆ ಲೆನ್ಸ್ ಕ್ಯಾಲಿಬ್ರೇಶನ್ ಅರ್ಥ ಕಳೆದುಕೊಳ್ಳುತ್ತದೆ. ಮತ್ತು ಮಸುಕು ಕಂಡರೆ ಎಲ್ಲವನ್ನೂ ಕಂಪನದ ತಲೆಗೆ ಕಟ್ಟಬೇಡಿ: ಸೆಕೆಂಡಿಗೆ 15 ಮೀಟರ್ ವೇಗದಲ್ಲಿ 1/1000 ಶಟರ್ ತೆರೆದಿರುವಾಗ ಡ್ರೋನ್ 15 ಮಿ.ಮೀ. ಮುಂದೆ ಹೋಗಿರುತ್ತದೆ, ನಾನು ಮೇಲೆ ಹೇಳಿದ ಲೆನ್ಸ್‌ನಲ್ಲಿ ಅದೇ ಎರಡು ಪಿಕ್ಸೆಲ್. ಮಸುಕು ಹಾರುವ ದಿಕ್ಕಿನಲ್ಲೇ ಇದೆಯೇ ನೋಡಿ. ಹಾಗಿದ್ದರೆ ವೇಗ ಇಳಿಸಿ ಅಥವಾ 1/2000ಕ್ಕೆ ಹೋಗಿ.

ಬಾಲ್‌ಗಳು ಜಗ್ಗಿಕೊಂಡು ನೇತಾಡುವ ಜೋಡಣೆಯಲ್ಲಿ ರಬ್ಬರ್ ಕುತ್ತಿಗೆಯ ಬಳಿ ಸೀಳುತ್ತದೆ. ಪ್ರತಿ ಹಾರಾಟದ ಮುಂಚೆ ನಾಲ್ಕನ್ನೂ ಬಾಗಿಸಿ ನೋಡಿ, ಬಾಲ್ ಹರಿದರೂ ಕ್ಯಾಮೆರಾ ಬೀಳದಂತೆ ಎರಡು ತಟ್ಟೆಗಳ ನಡುವೆ ಎದುರುಬದುರು ಮೂಲೆಗಳಲ್ಲಿ ಎರಡು ನೈಲಾನ್ ದಾರ ಕಟ್ಟಿ. ದಾರ ಸಡಿಲವಿರಲಿ, 8ರಿಂದ 10 ಮಿ.ಮೀ. ಬಿಡುವು ಸಾಕು. ಬಿಗಿಯಾದರೆ ಕಂಪನ ಅದರ ಮೂಲಕವೇ ದಾಟುತ್ತದೆ.